ಬಿಪಿ ನೋಡುವುದನ್ನು ಕಲಿಸುವ ಅಧ್ಯಯನ: ವಿನ್ಯಾಸ ಎಲ್ಲಿ ಎಡವುತ್ತಿದೆ, ನೋಡಿ ಹೇಳಿ

ಫಿಸಿಯಾಲಜಿ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಬಿಪಿ ಅಳೆಯಲು ಕಲಿಸುವ ಕುರಿತು ಒಂದು ಅಧ್ಯಯನ ಹಾಕಿಕೊಂಡಿದ್ದೇವೆ. ಪಠ್ಯಕ್ರಮದಲ್ಲಿ ಇದು ಪಿವೈ 5.12, ಪ್ರತಿಯೊಬ್ಬರೂ ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕಾದ ಕೌಶಲ. ಒಟ್ಟು 150 ಮಂದಿ, 25ರಂತೆ ಆರು ಬ್ಯಾಚ್. ಮೂರು ಬ್ಯಾಚ್‌ಗೆ ಈಗಿನ ಪದ್ಧತಿ: ಒಮ್ಮೆ ಡೆಮೊ, ಆಮೇಲೆ ಜೋಡಿಯಾಗಿ ಅಭ್ಯಾಸ. ಇನ್ನು ಮೂರಕ್ಕೆ ಪೇಟನ್ ಅವರ ನಾಲ್ಕು ಹೆಜ್ಜೆ: ಮೊದಲು ಮಾತಿಲ್ಲದೆ ಪೂರ್ತಿ ಮಾಡಿ ತೋರಿಸುವುದು, ಎರಡನೆಯದಾಗಿ ವಿವರಿಸುತ್ತಾ ಮಾಡುವುದು, ಮೂರನೆಯದಾಗಿ ವಿದ್ಯಾರ್ಥಿ ಹೇಳಿದಂತೆ ಶಿಕ್ಷಕರು ಮಾಡುವುದು, ಕೊನೆಗೆ ವಿದ್ಯಾರ್ಥಿಯೇ ಮಾಡುವುದು. ಮೊದಲಿಗೆ 20 ಎಂಸಿಕ್ಯೂಗಳ (ಬಹು ಆಯ್ಕೆಯ ಪ್ರಶ್ನೆಗಳ) ಪ್ರೀಟೆಸ್ಟ್. ಪಾಠ ಮುಗಿದ ದಿನವೇ ಅದೇ ಪ್ರಶ್ನೆಗಳ ಪೋಸ್ಟ್‌ಟೆಸ್ಟ್, ಹತ್ತು ಅಂಕದ ಚೆಕ್‌ಲಿಸ್ಟ್ ಇಟ್ಟು ಒಂದು ಓಸ್ಕಿ ಸ್ಟೇಷನ್ (ಪರೀಕ್ಷಕರ ಎದುರು ಕೌಶಲ ಮಾಡಿ ತೋರಿಸುವ ಪರೀಕ್ಷೆ), ಐದು ಹಂತದ ಫೀಡ್‌ಬ್ಯಾಕ್ ಫಾರ್ಮ್. ವಿಶ್ಲೇಷಣೆಗೆ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ ಟೆಸ್ಟ್. ಎಥಿಕ್ಸ್ ಕಮಿಟಿಗೆ ಕಳಿಸುವ ಮುಂಚೆ ತಪ್ಪುಗಳನ್ನು ತೋರಿಸಿಕೊಡಿ.

ಎಂಇಯು_ಹಳಬ:
ವಿಷಯ ಒಳ್ಳೆಯದನ್ನೇ ಆರಿಸಿದ್ದೀರಿ ಮೇಡಂ. ಎಲ್ಲರೂ ಬರುತ್ತದೆ ಅಂದುಕೊಂಡು ಯಾರೂ ಸರಿಯಾಗಿ ಕಲಿಸದೇ ಇರುವ ಕೌಶಲ ಇದು. ಅಮೆರಿಕದ ಮೆಡಿಕಲ್ ಅಸೋಸಿಯೇಷನ್‌ನ 2015ರ ಸಭೆಗೆ ಬಂದಿದ್ದ 159 ವೈದ್ಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಬಿಪಿ ಅಳೆಯುವಾಗ ಗಮನಿಸಬೇಕಾದ 11 ಅಂಶಗಳನ್ನೂ ಸರಿಯಾಗಿ ಮಾಡಿದವರು ಒಬ್ಬರೇ ಒಬ್ಬರು. ಸರಾಸರಿ 4.1.

ಆದರೆ ವಿನ್ಯಾಸ ಹೀಗೇ ಇದ್ದರೆ ಉತ್ತರ ಈಗಲೇ ಬರೆದಿಡಬಹುದು: ಪೋಸ್ಟ್‌ಟೆಸ್ಟ್ ಅಂಕ ಏರುತ್ತದೆ, ಪಿ ಮೌಲ್ಯ 0.001ಕ್ಕಿಂತ ಕಡಿಮೆ ಬರುತ್ತದೆ (ಅಂದರೆ ವ್ಯತ್ಯಾಸ ಬರೀ ಆಕಸ್ಮಿಕ ಅಲ್ಲ ಎಂಬ ಲೆಕ್ಕ), 90 ಭಾಗ ವಿದ್ಯಾರ್ಥಿಗಳು "ಇಷ್ಟವಾಯಿತು" ಎಂದು ಗುರುತು ಹಾಕುತ್ತಾರೆ. ಮಧ್ಯಾಹ್ನ ಹೇಳಿಕೊಟ್ಟದ್ದನ್ನು ಸಂಜೆ ಕೇಳಿದರೆ ಯಾವ ವಿಧಾನದಲ್ಲಿ ಕಲಿಸಿದ್ದರೂ ಅಂಕ ಏರಲೇಬೇಕು. ಅದು ಆ ಹೊತ್ತಿನ ನೆನಪು. ಕಲಿತದ್ದು ಉಳಿಯಿತೇ ಎಂದು ಗೊತ್ತಾಗಲು ಕನಿಷ್ಠ ಆರೆಂಟು ವಾರ ಬಿಟ್ಟು, ನಡುವೆ ಮತ್ತೆ ಹೇಳಿಕೊಡದೆ ನೋಡಬೇಕು.

ಇನ್ನೊಂದು, ಸಮಯದ ಲೆಕ್ಕ. ಪೇಟನ್ ವಿಧಾನ ಮೂಲದಲ್ಲಿ ಒಬ್ಬ ಶಿಕ್ಷಕ, ಒಬ್ಬ ವಿದ್ಯಾರ್ಥಿ ಎಂಬ ಲೆಕ್ಕದ್ದು. ನಾಲ್ಕು ಹೆಜ್ಜೆ ಅಂದರೆ ವಿದ್ಯಾರ್ಥಿ ಅದೇ ಕೆಲಸವನ್ನು ಮೂರು ಸಲ ನೋಡುತ್ತಾನೆ, ಒಂದು ಸಲ ಮಾಡುತ್ತಾನೆ. ನಿಮ್ಮ ಇನ್ನೊಂದು ಗುಂಪು ನೋಡುವುದು ಒಂದೇ ಸಲ. ಪೇಟನ್ ಗುಂಪು ಗೆದ್ದರೆ ಅದು ವಿಧಾನದ ಗುಣವೋ, ಹೆಚ್ಚು ಹೊತ್ತು ನೋಡಿದ್ದರ ಗುಣವೋ, ಹೇಗೆ ಹೇಳುತ್ತೀರಿ? ಇಂಟರ್ನೆಟ್ ಮೂಲಕ ಕಲಿಕೆಯ ಬಗ್ಗೆ 2008ರಲ್ಲಿ ಡೇವಿಡ್ ಕುಕ್ ಮತ್ತವರ ಸಂಗಡಿಗರು ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ) ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಏನೂ ಹೇಳಿಕೊಡದ ಗುಂಪಿನ ಜೊತೆ ಹೋಲಿಸಿದಾಗ ಪರಿಣಾಮ ಭಾರಿ. ಬೇರೆ ರೀತಿ ಹೇಳಿಕೊಟ್ಟ ಗುಂಪಿನ ಜೊತೆ ಹೋಲಿಸಿದಾಗ ಹೆಚ್ಚುಕಡಿಮೆ ಏನೂ ಇಲ್ಲ. "ಕಲಿಸಿದರೆ ಕಲಿಯುತ್ತಾರೆ" ಎಂದು ತೋರಿಸಲು ಇನ್ನೊಂದು ಅಧ್ಯಯನ ಬೇಕಿಲ್ಲ.

ಅಂಕಿಅಂಶ:
ಹಳಬ ಸರ್ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಬ್ಯಾಚ್‌ಗೆ ಬ್ಯಾಚನ್ನೇ ಒಂದೊಂದು ವಿಧಾನಕ್ಕೆ ಹಾಕಿದರೆ ನಿಮ್ಮ ಬಳಿ 150 ಸ್ವತಂತ್ರ ವಿದ್ಯಾರ್ಥಿಗಳು ಇರುವುದಿಲ್ಲ, ಆರು ಗುಂಪುಗಳು ಇರುತ್ತವೆ. ಒಂದೇ ಬ್ಯಾಚಿನವರು ಒಂದೇ ಶಿಕ್ಷಕರ ಕೈಯಲ್ಲಿ, ಒಂದೇ ದಿನ, ಅವೇ ಕೆಟ್ಟ ಕಫ್‌ಗಳಲ್ಲಿ (ತೋಳಿಗೆ ಸುತ್ತುವ ಗಾಳಿಪಟ್ಟಿಗಳಲ್ಲಿ) ಕಲಿತವರು. ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆ, ಅಂದರೆ ಐಸಿಸಿ, ಬರೀ 0.05 ಇದೆ ಅಂದುಕೊಳ್ಳಿ. ಆ ಹೋಲಿಕೆಯಿಂದ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಡಿಸೈನ್ ಎಫೆಕ್ಟ್ 1 + 24 × 0.05 = 2.2. 150ನ್ನು 2.2ರಿಂದ ಭಾಗಿಸಿದರೆ 68. ನೂರೈವತ್ತು ಮಂದಿಯನ್ನು ಪರೀಕ್ಷಿಸಿ 68 ಮಂದಿಯಷ್ಟು ಮಾಹಿತಿ. ಸಾಧಾರಣ ಟಿ ಟೆಸ್ಟ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇಲ್ಲದ ವ್ಯತ್ಯಾಸ ಇದೆಯೆಂದು ತೋರಿಸುತ್ತದೆ.

ಪ್ರತಿ ಬ್ಯಾಚಿನ ಒಳಗೇ ಚೀಟಿ ಎತ್ತಿ ಅರ್ಧ ಅರ್ಧ ಮಾಡಿ. ಆಗ ಶಿಕ್ಷಕರು, ದಿನ, ಉಪಕರಣ ಎರಡೂ ಕಡೆಗೆ ಸಮ. 75 ಮತ್ತು 75 ಸಿಗುತ್ತದೆ. ಮಧ್ಯಮ ಗಾತ್ರದ ವ್ಯತ್ಯಾಸ (ಕೋಹೆನ್ ಡಿ 0.5) ಹಿಡಿಯಲು 80 ಶೇಕಡ ಪವರ್‌ಗೆ, ಅಂದರೆ ವ್ಯತ್ಯಾಸ ನಿಜಕ್ಕೂ ಇದ್ದರೆ ನೂರರಲ್ಲಿ ಎಂಬತ್ತು ಸಲ ಕಾಣಿಸುವಂತೆ, ಗುಂಪಿಗೆ 64 ಸಾಕು. ಗುಂಪಿಗೆ 11 ಮಂದಿ ಗೈರಾದರೂ ತೊಂದರೆಯಿಲ್ಲ.

ಪ್ರೀಟೆಸ್ಟ್ ಕೈಬಿಡಿ. ಸ್ಟೆತ್ ಹಿಡಿದೇ ಇಲ್ಲದವರಿಗೆ ಕೊಟ್ಟರೆ ಎಲ್ಲರಿಗೂ ಊಹೆಯಿಂದ ಸಿಗುವಷ್ಟೇ ಅಂಕ. ಅದಲ್ಲದೆ ಅದೇ ಪ್ರಶ್ನೆಗಳು ಮತ್ತೆ ಬಂದಾಗ "ಇದು ಮುಖ್ಯ" ಎಂಬ ಸುಳಿವು ಮೊದಲೇ ಸಿಕ್ಕಿರುತ್ತದೆ. ಚೀಟಿ ಎತ್ತಿದ ಮೇಲೆ ಎರಡು ಗುಂಪು ಸಮವೇ ಎಂದು ನೋಡಲು ಪ್ರೀಟೆಸ್ಟ್ ಬೇಕಿಲ್ಲ.

ವಾರ್ಡ್_ರೌಂಡ್:
ಇಷ್ಟೆಲ್ಲ ಲೆಕ್ಕಾಚಾರ ಓದಿ ಒಂದು ಮಾತು ಹೇಳಬೇಕು ಅನಿಸಿತು. ಯಾವ ವಿಧಾನದಲ್ಲಿ ಕಲಿಸಿದರೂ ಮೂರನೇ ವರ್ಷಕ್ಕೆ ವಾರ್ಡಿಗೆ ಬರುವ ಹೊತ್ತಿಗೆ ಹುಡುಗರು ಪ್ಯಾಲ್ಪೇಟರಿ (ಮೊದಲು ನಾಡಿ ಹಿಡಿದು ಅದು ನಿಲ್ಲುವ ಮಟ್ಟ ನೋಡುವುದು) ಬಿಟ್ಟಿರುತ್ತಾರೆ, ಕಫ್‌ನ್ನು ಅಂಗಿ ತೋಳಿನ ಮೇಲೆಯೇ ಸುತ್ತುತ್ತಾರೆ, ಕೇಳಿದರೆ "120/80" ಎನ್ನುತ್ತಾರೆ. ಕಾರಣ ವಿಧಾನದಲ್ಲಿಲ್ಲ, ಕೈಗೆ ಸಿಗುವ ಸರದಿಯಲ್ಲಿದೆ. ಎರಡು ಗಂಟೆಯ ಪ್ರಾಕ್ಟಿಕಲ್, 25 ಮಂದಿ, ಐದು ಯಂತ್ರ ಅಂದುಕೊಳ್ಳಿ. ಡೆಮೊಗೆ ಅರ್ಧ ಗಂಟೆ ಹೋದರೆ ಉಳಿದ 90 ನಿಮಿಷದಲ್ಲಿ ತಲೆಗೆ 18. ವಿಶ್ರಾಂತಿ, ಕಫ್ ಕಟ್ಟುವುದು, ಎರಡು ಅಳತೆಯ ನಡುವೆ ರಕ್ತ ಇಳಿಯಲು ಒಂದೆರಡು ನಿಮಿಷ ಬಿಡುವುದು ಎಲ್ಲ ಸೇರಿ ಒಂದು ಅಳತೆಗೆ ಐದು ನಿಮಿಷ. ಇಡೀ ವರ್ಷಕ್ಕೆ ಒಬ್ಬನಿಗೆ ಮೂರು ಅಳತೆ. ಅಧ್ಯಯನಕ್ಕೆ ಹೋಗುವ ದುಡ್ಡಿಗೆ, ಸಮಯಕ್ಕೆ ಇನ್ನೈದು ಯಂತ್ರ ಕೊಂಡು ವಾರ್ಡಿನಲ್ಲಿ ಇಪ್ಪತ್ತು ಸಲ ಮಾಡಿಸಿ. ಸಂಶೋಧನೆಯೇ ಬೇಡ.

ನರ್ಸಿಂಗ್_ಟ್ಯೂಟರ್:
ವಾರ್ಡ್ ಸರ್ ಹೇಳಿದ್ದು ಖರೆ ಅದ್ರಿ, ಆದ್ರ ತಪ್ಪು ರೂಢಿಯನ್ನ ಇಪ್ಪತ್ತು ಸಲ ಮಾಡಿದ್ರ ಆ ತಪ್ಪೇ ಗಟ್ಟಿ ಆಗ್ತದ. ಎಲ್ಲಿ ತಪ್ಪತದ ಅನ್ನೋದನ್ನ ಸಣ್ಣಸಣ್ಣ ಭಾಗ ಮಾಡಿ ನೋಡ್ರಿ.

ಮೊದಲನೇದು ಕಫ್. ಒಳಗಿನ ಬ್ಲ್ಯಾಡರ್ (ಗಾಳಿ ತುಂಬೋ ಚೀಲ) ಉದ್ದ ತೋಳಿನ ಸುತ್ತಳತೆಯ 80 ಶೇಕಡ, ಅಗಲ 40 ಶೇಕಡ ಇರಬೇಕು. ತೋಳು 22ರಿಂದ 26 ಸೆಂಟಿಮೀಟರ್ ಇದ್ರ 12 × 22 ಕಫ್, 27ರಿಂದ 34 ಇದ್ರ 16 × 30. ಮೊದಲ ವರ್ಷದ ಹುಡುಗಿಯರ ತೋಳು ಎಷ್ಟೋ ಸಲ 22–23 ಇರ್ತದ. ಅದಕ್ಕ ದೊಡ್ಡ ಕಫ್ ಸುತ್ತಿದ್ರ ಬಿಪಿ ಕಡಿಮಿ ಬರ್ತದ, ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದ್ರ ಹೆಚ್ಚು. ಅಳತೆ ಪಟ್ಟಿ ಮೇಜಿನ ಮ್ಯಾಲ ಇಲ್ಲದಿದ್ರ ಇದನ್ನ ಯಾರೂ ನೋಡಂಗಿಲ್ಲ.

ಎರಡನೇದು ಕೂಡಿಸೋದು. ಸ್ಟೂಲ್ ಮ್ಯಾಲ ಕೂಡಿಸಿದ್ರ ಬೆನ್ನಿಗೆ ಆಸರ ಇಲ್ಲ, ಡಯಾಸ್ಟೋಲಿಕ್ (ಕೆಳಗಿನ ಅಂಕಿ) ಆರರಷ್ಟು ಏರಬಹುದು. ಕಾಲ ಮ್ಯಾಲ ಕಾಲು ಹಾಕಿದ್ರ ಸಿಸ್ಟೋಲಿಕ್ (ಮ್ಯಾಲಿನ ಅಂಕಿ) 2ರಿಂದ 8. ತೋಳು ಎದೆಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗ ಜೋತು ಬಿದ್ರ 7–8 ಹೆಚ್ಚು. ಇವು ಮೂರೂ ಕೂಡಿದ್ರ ಬಿಪಿ ಇಲ್ಲದವರಿಗೆ ಗುಳಿಗಿ ಶುರು ಆಗ್ತದ.

ಮೂರನೇದು ಗಾಳಿ ಬಿಡೋದು. ಮಕ್ಕಳು ವಾಲ್ವ್ ತಿರುವಿದ್ರ ಮುಳ್ಳು ಧಡ್ಡನ ಇಳಿತದ. ನಾಡಿ ನಿಮಿಷಕ್ಕ 60 ಅಂದ್ರ ಸೆಕೆಂಡಿಗೆ ಒಂದು ಬಡಿತ. ಸೆಕೆಂಡಿಗೆ 2 ಮಿಲಿಮೀಟರ್ ಇಳಿಸಿದ್ರ ಬಡಿತಕ್ಕ ಎರಡೆರಡೇ ಇಳಿತದ, ಮೊದಲ ಸಪ್ಪಳ ತಪ್ಪಂಗಿಲ್ಲ. ಸೆಕೆಂಡಿಗೆ 10 ಇಳಿಸಿದ್ರ ಒಂದು ಬಡಿತ ಮತ್ತ ಇನ್ನೊಂದು ಬಡಿತದ ನಡುವೆ ಹತ್ತು ಮಿಲಿಮೀಟರ್ ಹೋಗೇಬಿಡ್ತು. ಕಿವಿ ಎಷ್ಟೇ ಚಲೋ ಇದ್ರೂ ಉಪಯೋಗ ಇಲ್ಲ. ಯಾರ ತೋಳಿಗೂ ಕಟ್ಟದ ಕಫ್ ಹಿಡಕೊಂಡು ಬರೇ ವಾಲ್ವ್ ತಿರುವೋದನ್ನ ಹತ್ತು ನಿಮಿಷ ಮಾಡಿಸ್ರಿ, ಹೆಬ್ಬೆರಳು ಮತ್ತ ತೋರುಬೆರಳಿಗೆ ಆ ಹದ ಬರೋತನಕ. ಬಾಟಲಿಗೋ ಸುರುಳಿ ಸುತ್ತಿದ ಬೆಡ್‌ಶೀಟಿಗೋ ಕಫ್ ಸುತ್ತಿದ್ರ ಸಾಕು, ಮನುಷ್ಯಾನೇ ಬೇಕಂತಿಲ್ಲ.

ಫಿಸಿಯಾಲಜಿ_ಲ್ಯಾಬ್:
ಸಿಸ್ಟರ್, ಬಾಟಲಿಗೆ ಕಫ್ ಸುತ್ತುವ ಉಪಾಯ ಖಂಡಿತ ತೆಗೆದುಕೊಳ್ಳುತ್ತೇನೆ. ಚೆಕ್‌ಲಿಸ್ಟ್‌ನಲ್ಲಿ ನಮ್ಮ ಹತ್ತು ಅಂಶಗಳಿಗೂ ತಲಾ ಒಂದೊಂದೇ ಅಂಕ ಇಟ್ಟಿದ್ದೆವು: ಹೆಸರು ಹೇಳಿ ಪರಿಚಯಿಸಿಕೊಂಡರೆ 1, ಕೈ ತೊಳೆದರೆ 1, ಪ್ಯಾಲ್ಪೇಟರಿ ಮಾಡಿದರೆ 1, ಹೀಗೆ. ಇದನ್ನೂ ಬದಲಿಸಬೇಕೇನೋ.

ಎಂಇಯು_ಹಳಬ:
ಬದಲಿಸಲೇಬೇಕು. ಪ್ಯಾಲ್ಪೇಟರಿ ಬಿಟ್ಟವನಿಗೂ ಹತ್ತಕ್ಕೆ ಒಂಬತ್ತು ಬಂದರೆ ಆ ಚೆಕ್‌ಲಿಸ್ಟ್ ಅಪಾಯಕಾರಿ. ಯಾಕೆಂದರೆ ಕೆಲವು ರೋಗಿಗಳಲ್ಲಿ ಶಬ್ದ ನಡುವೆ ನಿಂತು ಮತ್ತೆ ಶುರುವಾಗುತ್ತದೆ. ನಿಜವಾದ ಸಿಸ್ಟೋಲಿಕ್ 190, ಶಬ್ದ 170ಕ್ಕೆ ನಿಂತು 145ಕ್ಕೆ ಮತ್ತೆ ಬಂತು ಅಂದುಕೊಳ್ಳಿ. ಅಂದಾಜಿನ ಮೇಲೆ 160ಕ್ಕೆ ಏರಿಸಿ ಇಳಿಸಿದವನಿಗೆ ಸಿಗುವುದು 145. ನಾಡಿ ಹಿಡಿದು, ಅದು ನಿಂತ ಮಟ್ಟಕ್ಕಿಂತ 30 ಮೇಲೆ ಏರಿಸಿದವನಿಗೆ ಈ ಮೋಸ ಆಗುವುದಿಲ್ಲ. ಹಾಗಾಗಿ ಕೆಲವು ಹೆಜ್ಜೆಗಳು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಮತ್ತೆ ಮಾಡಿಸಬೇಕು. ಸರಿಯಾದ ಕಫ್, ತೋಳಿನ ಮಟ್ಟ, ಪ್ಯಾಲ್ಪೇಟರಿ, ಇಳಿಸುವ ವೇಗ, ಈ ನಾಲ್ಕನ್ನು ನಾನು ಹಾಗೆ ಗುರುತಿಸುತ್ತೇನೆ.

ಚೆಕ್‌ಲಿಸ್ಟ್ ಜೊತೆಗೆ ಒಂದು ಗ್ಲೋಬಲ್ ರೇಟಿಂಗ್ (ಒಟ್ಟಾರೆ ಹೇಗೆ ಮಾಡಿದ ಎಂಬುದಕ್ಕೆ ಅಂಕ) ಇಡಿ, ಐದು ಹಂತದ್ದು. ಚೆಕ್‌ಲಿಸ್ಟ್ ಮಾತ್ರ ಇದ್ದರೆ ಹುಡುಗರು ಮಂತ್ರದ ಹಾಗೆ ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ: "ಮೇಡಂ, ಈಗ ನಾನು ಐದು ನಿಮಿಷ ವಿಶ್ರಾಂತಿ ಕೊಡುತ್ತಿದ್ದೇನೆ", ಮರುಗಳಿಗೆಯಲ್ಲೇ ಕಫ್ ಕಟ್ಟಿಬಿಡುತ್ತಾರೆ. ಹೇಳಿದ್ದಕ್ಕೆ ಅಂಕವೋ ಮಾಡಿದ್ದಕ್ಕೆ ಅಂಕವೋ ಎಂದು ಪರೀಕ್ಷಕರೆಲ್ಲ ಮೊದಲೇ ಒಂದು ಮಾತಿಗೆ ಬರಬೇಕು. ಇಬ್ಬರು ಪರೀಕ್ಷಕರು ಹತ್ತು ವಿಡಿಯೋ ನೋಡಿ ಬೇರೆ ಬೇರೆ ಅಂಕ ಹಾಕಿ ತಾಳೆ ಮಾಡಲಿ. ಯಾರು ಯಾವ ಗುಂಪು ಎಂದು ಪರೀಕ್ಷಕರಿಗೆ ಗೊತ್ತಿರಬಾರದು.

ಪಿಜಿ_ಮೆಡಿಸಿನ್:
ಒಂದು ಮೂಲಭೂತ ಪ್ರಶ್ನೆ. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಾಮಟಾ ಒಪ್ಪಂದದಲ್ಲಿ ಪಾದರಸದ ಬಿಪಿ ಯಂತ್ರಗಳ ತಯಾರಿಕೆ, ಆಮದು, ರಫ್ತಿಗೆ 2020ರ ಗಡುವು ಇಟ್ಟಾಗಿದೆ. ವಾರ್ಡು, ಕ್ಯಾಶುವಾಲ್ಟಿ, ಓಟಿ ಎಲ್ಲೆಡೆ ಡಿಜಿಟಲ್ ಬಂದಿದೆ. ರಿವಾ-ರೋಚಿ 1896ರಲ್ಲಿ ಕಫ್ ಕೊಟ್ಟರು, ಕೊರಟ್‌ಕಾಫ್ 1905ರಲ್ಲಿ ಶಬ್ದ ಗುರುತಿಸಿದರು. ಆ ಕೌಶಲಕ್ಕೆ ಈಗ ಎರಡು ಗಂಟೆ, 150 ಮಂದಿ, ಒಂದು ಅಧ್ಯಯನ ಎಲ್ಲ ಬೇಕಾ? ಡಿಜಿಟಲ್ ಯಂತ್ರವನ್ನು ಸರಿಯಾಗಿ ಬಳಸಲು ಕಲಿಸಿದರೆ ಸಾಲದೇ?

ವಾರ್ಡ್_ರೌಂಡ್:
ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಲಯ ತಪ್ಪುವುದು) ಇರುವ ರೋಗಿಗೆ ಡಿಜಿಟಲ್ ಕಟ್ಟಿ ನೋಡಪ್ಪ, ಮೂರು ಸಲಕ್ಕೆ ಮೂರು ಅಂಕಿ. ಆ ಯಂತ್ರ ಶಬ್ದ ಕೇಳುವುದೇ ಇಲ್ಲ. ಕಫ್‌ನ ಒಳಗಿನ ಕಂಪನ ಹಿಡಿದು, ಅದರಿಂದ ಸಿಸ್ಟೋಲಿಕ್, ಡಯಾಸ್ಟೋಲಿಕ್‌ನ್ನು ಸೂತ್ರ ಹಾಕಿ ಕಟ್ಟಿಕೊಡುತ್ತದೆ. ಬಡಿತ ಅಡ್ಡಾದಿಡ್ಡಿಯಾದರೆ ಸೂತ್ರ ತಪ್ಪುತ್ತದೆ. ಶಾಕ್‌ನಲ್ಲಿ ಸುಮ್ಮನೆ ಎರರ್ ತೋರಿಸುತ್ತದೆ. ಪ್ರಿ ಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರುವ ಅಪಾಯದ ಸ್ಥಿತಿ) ಇರುವ ಬಸುರಿಯರಲ್ಲಿ ಅನೇಕ ಯಂತ್ರಗಳು ಕಡಿಮೆ ತೋರಿಸುತ್ತವೆ, ಅಲ್ಲಿ ಹತ್ತು ಮಿಲಿಮೀಟರ್ ಅಂದರೆ ತಾಯಿ ಮಗುವಿನ ಜೀವ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬ್ಯಾಟರಿ ಮುಗಿದ ದಿನ ಕೈಯಲ್ಲಿ ಉಳಿಯುವುದು ಸ್ಟೆತ್ ಮತ್ತು ಡಯಲ್ ಮಾತ್ರ.

ಪಿಜಿ_ಮೆಡಿಸಿನ್:
ಒಪ್ಪಿದೆ ಸರ್. ಆದರೆ ಕೂಡಿಸುವ ರೀತಿ, ಕಫ್ ಅಳತೆ, ತೋಳಿನ ಮಟ್ಟ ಇವು ಎರಡಕ್ಕೂ ಒಂದೇ. ಸಿಸ್ಟರ್ ಹೇಳಿದ ಹಾಗೆ ತಪ್ಪು ಹೆಚ್ಚಾಗುವುದು ಅಲ್ಲಿಯೇ. ಹಾಗಿದ್ದರೆ ಸ್ಟೇಷನ್‌ನಲ್ಲಿ ಡಿಜಿಟಲ್ ಕೂಡ ಒಂದು ಇರಲಿ ಎನ್ನುವುದು ನನ್ನ ವಾದ. ಮುಂದೆ ಅವರು ದಿನಕ್ಕೆ ಮೂವತ್ತು ಸಲ ಬಳಸುವುದು ಅದನ್ನೇ.

ಅಂಕಿಅಂಶ:
ಯಾರೂ ಎತ್ತದ ಒಂದು ದೊಡ್ಡ ತೂತು ಇದೆ. ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಾರೆ, ಪರೀಕ್ಷೆಯೂ ಒಬ್ಬರ ಮೇಲೊಬ್ಬರು. ಎಲ್ಲರಿಗೂ 18–19 ವಯಸ್ಸು. ಏನೂ ಕೇಳಿಸದೆ "110/70" ಎಂದು ಬರೆದರೂ ಹೆಚ್ಚುಕಡಿಮೆ ಸರಿಯೇ. ಆ ಸ್ಟೇಷನ್‌ನಲ್ಲಿ ಬಿಪಿ ಅಳೆಯಲು ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಊಹಿಸಲು ಬರುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ.

ಇದನ್ನು ಹಿಡಿಯಲು ಖರ್ಚಿಲ್ಲದ ಒಂದು ದಾರಿ ಕೊನೆಯ ಅಂಕಿ. ಡಯಲ್‌ನಲ್ಲಿ ಎರಡೆರಡು ಮಿಲಿಮೀಟರಿಗೆ ಗೆರೆ ಇರುತ್ತದೆ, ಹಾಗಾಗಿ ಓದಿದ ಅಂಕಿಯ ಕೊನೆಗೆ 0, 2, 4, 6, 8 ಐದೂ ಸಮನಾಗಿ ಬರಬೇಕು. ಅಂದರೆ ಸೊನ್ನೆಯಲ್ಲಿ ಮುಗಿಯುವುದು 20 ಶೇಕಡದ ಆಸುಪಾಸು. ಗುಂಪಿನ 75 ಮಂದಿ ತಲಾ ಇಬ್ಬರ ಬಿಪಿ ನೋಡಿದರೆ ಸಿಸ್ಟೋಲಿಕ್, ಡಯಾಸ್ಟೋಲಿಕ್ ಸೇರಿ 300 ಅಂಕಿ. ಅದರಲ್ಲಿ ಸೊನ್ನೆ 60 ಇರಬೇಕಾದ ಕಡೆ 180 ಇದ್ದರೆ ಅವರು ಕೇಳುತ್ತಿಲ್ಲ, ದುಂಡು ಮಾಡುತ್ತಿದ್ದಾರೆ. ಇದಕ್ಕೆ ಪರೀಕ್ಷಕರೂ ಬೇಡ, ಹಾಳೆ ನೋಡಿದರೆ ಸಾಕು.

ಇನ್ನೊಂದು, ಎರಡು ಜೊತೆ ಕಿವಿತುಂಡು ಇರುವ ಟೀಚಿಂಗ್ ಸ್ಟೆತ್. ವಿದ್ಯಾರ್ಥಿ ಗಾಳಿ ಬಿಡುತ್ತಾನೆ, ಇಬ್ಬರೂ ಕೇಳುತ್ತಾರೆ. ಪರೀಕ್ಷಕರು ತಮ್ಮ ಅಂಕಿಯನ್ನು ಬರೆದ ಮೇಲೆಯೇ ವಿದ್ಯಾರ್ಥಿಯದನ್ನು ಕೇಳಬೇಕು, ಉಲ್ಟಾ ಆದರೆ ಕಿವಿ ಆ ಕಡೆಗೆ ವಾಲುತ್ತದೆ. ಹೋಲಿಕೆಗೆ ಕೋರಿಲೇಷನ್ (ಎರಡು ಅಂಕಿ ಒಟ್ಟಿಗೆ ಏರಿಳಿಯುತ್ತವೆಯೇ ಎಂಬ ಲೆಕ್ಕ) ಹಾಕಬೇಡಿ. ಎಲ್ಲರೂ ತಪ್ಪದೆ 10 ಹೆಚ್ಚು ಓದಿದರೂ ಕೋರಿಲೇಷನ್ 0.98 ಬರುತ್ತದೆ. ಇಬ್ಬರ ಅಂಕಿಗಳ ವ್ಯತ್ಯಾಸಗಳನ್ನೇ ತೆಗೆದು ನೋಡಿ, ಅದಕ್ಕೆ ಬ್ಲಾಂಡ್–ಆಲ್ಟ್‌ಮನ್ ರೀತಿ ಎನ್ನುತ್ತಾರೆ. ಎರಡೂ ಅಂಕಿ 4 ಮಿಲಿಮೀಟರಿನ ಒಳಗಿರುವವರ ಪ್ರಮಾಣವನ್ನು ಮುಖ್ಯ ಫಲಿತಾಂಶ ಮಾಡಿಕೊಳ್ಳಿ.

ನರ್ಸಿಂಗ್_ಟ್ಯೂಟರ್:
ಎರಡು ಕಿವಿಯ ಸ್ಟೆತ್ ಬಗ್ಗೆ ಒಂದು ಎಚ್ಚರಿಕಿ ಕೊಡಬೇಕ್ರಿ. ಕಫ್ ಸಣ್ಣದು, ತೋಳು ಜೋತು ಬಿದ್ದದ, ಬೆನ್ನಿಗೆ ಆಸರ ಇಲ್ಲ ಅಂತಿಟ್ಕೋರಿ. ಹುಡುಗ 138 ಅಂತಾನ, ನೀವೂ ಅದೇ ಸ್ಟೆತ್‌ನಾಗ ಕೇಳಿ 138 ಅಂತೀರಿ. ತಾಳೆ ನೂರಕ್ಕ ನೂರು. ಆದ್ರ ಆ ಮನುಷ್ಯಾನ ಖರೆ ಬಿಪಿ 124. ಆ ಸ್ಟೆತ್ ಕಿವಿ ಒಂದನ್ನೇ ಪರೀಕ್ಷಾ ಮಾಡ್ತದ, ಕೈಯನ್ನ ಮಾಡಂಗಿಲ್ಲ.

ಅಂಕಿಅಂಶ:
ಸಿಸ್ಟರ್, ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಫಲಿತಾಂಶ ಎರಡು ಭಾಗದ್ದಾಗಬೇಕು: ಹಳಬ ಸರ್ ಹೇಳಿದ ನಾಲ್ಕು ಹೆಜ್ಜೆಯೂ ಸರಿ, ಮತ್ತು ಅಂಕಿ 4ರ ಒಳಗೆ. ಎರಡೂ ಇದ್ದರೆ ಮಾತ್ರ ಪಾಸು. ಆದರೆ ಹೌದು–ಇಲ್ಲ ಎಂಬ ಫಲಿತಾಂಶಕ್ಕೆ 64ರ ಲೆಕ್ಕ ಸಾಲುವುದಿಲ್ಲ. ಒಂದು ಗುಂಪಿನಲ್ಲಿ 40 ಶೇಕಡ, ಇನ್ನೊಂದರಲ್ಲಿ 60 ಶೇಕಡ ಪಾಸಾದರೆ ಅದನ್ನು ಹಿಡಿಯಲು ಗುಂಪಿಗೆ ನೂರರ ಹತ್ತಿರ ಬೇಕು. 75ರಲ್ಲಿ ಅದಕ್ಕಿಂತ ದೊಡ್ಡ ವ್ಯತ್ಯಾಸವಿದ್ದರೆ ಮಾತ್ರ ಕಾಣುತ್ತದೆ.

ವಾರ್ಡ್_ರೌಂಡ್:
ರೋಗಿಗೆ ಬೇಕಾದದ್ದೂ ಆ ಪಾಸೇ, 7.2 ಎಂಬ ಸರಾಸರಿ ಅಂಕ ಯಾರಿಗೆ ಬೇಕು? ಹಾಗಿದ್ದರೆ ಎರಡು ವರ್ಷದ ಬ್ಯಾಚ್ ಸೇರಿಸಿ ಮಾಡಿ, ಅವಸರ ಏನಿದೆ?

ಎಂಇಯು_ಹಳಬ:
ಈಗ ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದಕ್ಕೆ ಬರೋಣ. ವೈದ್ಯಕೀಯ ಶಿಕ್ಷಣದ ಪ್ರಯೋಗಗಳನ್ನು ಕುಕ್, ಬೋರ್ಡಾಜ್, ಸ್ಮಿಟ್ 2008ರಲ್ಲಿ ಮೂರಾಗಿ ವಿಂಗಡಿಸಿದರು: ಏನು ಮಾಡಿದೆವು ಎಂದು ವಿವರಿಸುವವು, ಇದು ಕೆಲಸ ಮಾಡುತ್ತದೆಯೇ ಎಂದು ನೋಡುವವು, ಯಾಕೆ ಮತ್ತು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವವು. ಅವರು ನೋಡಿದ 105ರಲ್ಲಿ ಮೂರನೆಯ ಬಗೆಯವು ಬರೀ 12 ಶೇಕಡ. ಮೇಡಂ, ನಿಮ್ಮ ಪ್ರಶ್ನೆಯನ್ನು ಆ ಕಡೆಗೆ ತಿರುಗಿಸಲು ಸಾಧ್ಯವಿದೆ.

ಕೋಪನ್‌ಹೇಗನ್‌ನಲ್ಲಿ ಕ್ರೋಮನ್ ಮತ್ತು ಸಂಗಡಿಗರು ಪುನಶ್ಚೇತನ ತರಬೇತಿಯಲ್ಲಿ, ಅಂದರೆ ಸಿಪಿಆರ್‌ನಲ್ಲಿ, ಒಂದು ಸರಳ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ನಾಲ್ಕು ಗಂಟೆಯೂ ಪಾಠ ಮತ್ತು ಅಭ್ಯಾಸ. ಇನ್ನೊಂದಕ್ಕೆ ಮೂರೂವರೆ ಗಂಟೆ ಅದು, ಕೊನೆಯ ಅರ್ಧ ಗಂಟೆ ಪರೀಕ್ಷೆ. ಒಟ್ಟು ಸಮಯ ಸಮ. ಎರಡು ವಾರದ ನಂತರ ಪರೀಕ್ಷೆ ಎದುರಿಸಿದವರ ಸರಾಸರಿ ಸುಮಾರು 83, ಉಳಿದವರದು ಸುಮಾರು 73. ಪರೀಕ್ಷೆ ಅಂದರೆ ಅಳತೆಗೋಲು ಮಾತ್ರ ಎಂದು ನಾವು ತಿಳಿದಿದ್ದೇವೆ. ನೆನಪಿನಿಂದ ಕಷ್ಟಪಟ್ಟು ಎಳೆದು ತೆಗೆಯುವ ಆ ಕ್ರಿಯೆಯೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ.

ಬಿಪಿಗೆ ಇದನ್ನು ತಂದರೆ ಹೀಗೆ: 25 ಮಂದಿಗೂ ಡೆಮೊ ಒಂದೇ, ಬಾಟಲಿ ಅಭ್ಯಾಸ ಒಂದೇ, ಜೋಡಿ ಅಭ್ಯಾಸ ಒಂದೇ. ಕೊನೆಯ 30 ನಿಮಿಷಕ್ಕೆ ಚೀಟಿ ಎತ್ತಿ. ಅರ್ಧ ಮಂದಿ ಅಭ್ಯಾಸ ಮುಂದುವರಿಸಲಿ. ಉಳಿದರ್ಧ ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರಾಗಿ, ಯಾರೂ ಹೇಳಿಕೊಡದೆ ಮಾಡಿ ತೋರಿಸಲಿ. 13 ಮಂದಿಗೆ ನಾಲ್ಕು ಸ್ಟೇಷನ್, ತಲಾ ಆರು ನಿಮಿಷ, ನಾಲ್ಕು ಸುತ್ತಿಗೆ 24 ನಿಮಿಷ. ಎಂಟು ವಾರದ ಮೇಲೆ ಎಲ್ಲರನ್ನೂ ನೋಡಿ.

ಮೂರನೇ_ಫೇಸ್_ವಿದ್ಯಾರ್ಥಿ:
ನಮಸ್ಕಾರ ಸರ್, ಮೇಡಂ. ವಿದ್ಯಾರ್ಥಿಗಳ ಕಡೆಯಿಂದ ಮೂರು ಮಾತು. ಮೊದಲನೆಯದು, ಬೆಳಗಿನ ಬ್ಯಾಚಿನ ಚೆಕ್‌ಲಿಸ್ಟ್ ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲ್ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಪೇಟನ್ ಗುಂಪು, ಮಾಮೂಲಿ ಗುಂಪು ಎಂದು ಮಾಡಿದರೆ ರಾತ್ರಿ ಇವರು ಅವರಿಗೆ ಹೇಳಿಕೊಡುತ್ತಾರೆ. ಹಳಬ ಸರ್ ಹೇಳಿದ ವಿನ್ಯಾಸದಲ್ಲಿ ಆ ಸಮಸ್ಯೆ ಕಡಿಮೆ, ಯಾಕೆಂದರೆ ಪ್ರಶ್ನೆ ಸೋರಿದರೂ ಪರೀಕ್ಷೆ ಎದುರಿಸಿದ ಅನುಭವ ಸೋರುವುದಿಲ್ಲ. ಎರಡನೆಯದು, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ರೋಲ್ ನಂಬರ್ ಕೇಳಿದರೆ ಯಾರೂ ನಿಜ ಬರೆಯುವುದಿಲ್ಲ. ಮೂರನೆಯದು ಭಾಷೆ. ಹೊರರಾಜ್ಯದಿಂದ ಬಂದವರಿಗೆ ಫೌಂಡೇಷನ್ ಕೋರ್ಸ್‌ನಲ್ಲಿ ಕನ್ನಡ ಕಲಿಸುತ್ತಾರೆ, ಆದರೆ ಅದರಲ್ಲಿ ಬಿಪಿಗೆ ಬೇಕಾದ ವಾಕ್ಯಗಳು ಇರುವುದಿಲ್ಲ. ವಾರ್ಡಿನಲ್ಲಿ ಬೇಕಾಗುವುದು ಇವು: "ಅರ್ಧ ಗಂಟೆಯಲ್ಲಿ ಕಾಫಿ, ಟೀ ಕುಡಿದಿದ್ದೀರಾ? ಬೀಡಿ ಸೇದಿದ್ದೀರಾ? ಹೊಗೆಸೊಪ್ಪು ಹಾಕಿದ್ದೀರಾ? ಮೂತ್ರಕ್ಕೆ ಹೋಗಿಬರಬೇಕಾ? ಐದು ನಿಮಿಷ ಮಾತಾಡದೆ ಕೂತಿರಿ. ಕಾಲು ನೆಲಕ್ಕೆ ಊರಿ. ಕೈ ಬಿಗಿ ಹಿಡಿಯಬೇಡಿ, ಸಡಿಲ ಬಿಡಿ. ಪಟ್ಟಿ ಸ್ವಲ್ಪ ಬಿಗಿಯಾಗುತ್ತೆ, ಹೆದರಬೇಡಿ." ಈ ಎಂಟು ವಾಕ್ಯ ಬರದವರು ವಿಶ್ರಾಂತಿಯ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಚೆಕ್‌ಲಿಸ್ಟ್‌ನಲ್ಲಿ ಅದು "ಕೌಶಲ ಇಲ್ಲ" ಎಂದು ಕಾಣುತ್ತದೆ, ನಿಜಕ್ಕೂ ಇಲ್ಲದ್ದು ಮಾತು.

ಎಂಇಯು_ಹಳಬ:
ಈ ಎಂಟು ವಾಕ್ಯಗಳನ್ನು ಲಾಗ್‌ಬುಕ್‌ನ ಮೊದಲ ಪುಟದಲ್ಲೇ ಅಚ್ಚು ಹಾಕಿಸಬೇಕು. ತುಂಬ ಚೆನ್ನಾಗಿ ಹೇಳಿದಿರಿ.

ಎಥಿಕ್ಸ್_ಕಮಿಟಿ_ಸದಸ್ಯ:
ವಿನ್ಯಾಸ ಚೆನ್ನಾಗಿ ಮುಂದುವರಿಯುತ್ತಿದೆ, ಆದರೆ ಅನುಮತಿಯ ವಿಷಯದಲ್ಲಿ ಕೆಲವು ಮಾತು ಈಗಲೇ ಹೇಳಿದರೆ ಒಳ್ಳೆಯದು. ಬೋಧನಾ ವಿಧಾನಗಳನ್ನು ಹೋಲಿಸುವ ಅಧ್ಯಯನಕ್ಕೆ ವಿಮರ್ಶೆಯಿಂದ ವಿನಾಯಿತಿ ಸಿಗಬಹುದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿದೆ. ಅದನ್ನು ಓದಿ ಎಷ್ಟೋ ಮಂದಿ ಕಮಿಟಿಗೆ ಕಳಿಸದೆಯೇ ಶುರು ಮಾಡುತ್ತಾರೆ. ವಿನಾಯಿತಿ ಕೊಡುವುದು ಕಮಿಟಿ, ಸಂಶೋಧಕರು ತಾವೇ ತೆಗೆದುಕೊಳ್ಳುವಂತಿಲ್ಲ.

ಅದೇ ಮಾರ್ಗಸೂಚಿ ವಿದ್ಯಾರ್ಥಿಗಳನ್ನು ಒತ್ತಡಕ್ಕೆ ಒಳಗಾಗಬಹುದಾದವರ ಸಾಲಿನಲ್ಲಿ ಇಟ್ಟಿದೆ. ಇಂಟರ್ನಲ್ ಮಾರ್ಕ್ಸ್ ಹಾಕುವವರೇ ಸಹಿ ಕೇಳಿದರೆ ಯಾವ ಹುಡುಗಿ "ಒಲ್ಲೆ" ಅಂದಾಳು? ಒಪ್ಪಿಗೆ ಪಡೆಯುವವರು ಬೇರೆ ವಿಭಾಗದವರಾಗಿರಲಿ. ಕಲಿಕೆ ಎಲ್ಲರಿಗೂ ಕಡ್ಡಾಯ, ಅಂಕಗಳನ್ನು ಅಧ್ಯಯನಕ್ಕೆ ಬಳಸಲು ಒಪ್ಪುವುದು ಮಾತ್ರ ಐಚ್ಛಿಕ ಎಂದು ಬಿಡಿಸಿ ಬರೆಯಿರಿ. ಈ ಅಂಕ ಇಂಟರ್ನಲ್‌ಗೆ ಸೇರುವುದಿಲ್ಲ ಎಂದೂ ಬರೆಯಿರಿ. ಎಂಟು ವಾರದ ಪರೀಕ್ಷೆ ಇದೆ ಎಂದು ತಿಳಿಸಿ, ದಿನಾಂಕ ತಿಳಿಸದಿದ್ದರೆ ಪರವಾಗಿಲ್ಲ. ಗೆದ್ದ ವಿಧಾನ ಯಾವುದೇ ಆಗಲಿ, ಆಮೇಲೆ ಇನ್ನೊಂದು ಗುಂಪಿಗೂ ಕೊಡಬೇಕು.

ಊಹೆ ತಪ್ಪಿಸಲು ಬಿಪಿ ಹೆಚ್ಚಿರುವ ರೋಗಿಗಳನ್ನು ಓಪಿಡಿಯಿಂದ ಕರೆತರುವ ಯೋಚನೆ ಇದ್ದರೆ ವಿನಾಯಿತಿಯ ಮಾತು ಮುಗಿಯಿತು. ಆಗ ಅದು ರೋಗಿಗಳು ಭಾಗವಹಿಸುವ ಅಧ್ಯಯನ, ಅವರ ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು. ಒಬ್ಬರ ತೋಳಿಗೆ ಒಂದೇ ದಿನ ಎಷ್ಟು ಸಲ ಕಫ್ ಬಿಗಿಯುತ್ತೀರಿ ಎಂದೂ ಕೇಳುತ್ತೇವೆ. ನನ್ನ ಪ್ರಕಾರ ಆರು ಮೀರಬಾರದು.

ಫಿಸಿಯಾಲಜಿ_ಲ್ಯಾಬ್:
ಎಲ್ಲರ ಮಾತೂ ಬರೆದಿಟ್ಟುಕೊಂಡೆ. ರೋಗಿಗಳ ಬದಲು ಬಿಪಿ ಆರ್ಮ್ ಮ್ಯಾನಿಕಿನ್ (ಅಭ್ಯಾಸಕ್ಕಾಗಿ ಮಾಡಿದ ಕೃತಕ ತೋಳು) ಬಳಸುತ್ತೇವೆ, ಅದರಲ್ಲಿ 156/94, 182/108 ಹೀಗೆ ಬೇಕಾದ ಅಂಕಿ ಕೂರಿಸಬಹುದು, ನಡುವೆ ಶಬ್ದ ನಿಲ್ಲುವಂತೆಯೂ ಮಾಡಬಹುದು. ಪ್ರತಿ ವಿದ್ಯಾರ್ಥಿಗೆ ಎರಡು ಅಳತೆ: ಮ್ಯಾನಿಕಿನ್ ಮೇಲೆ ಕಿವಿ ಮತ್ತು ಪ್ಯಾಲ್ಪೇಟರಿಯ ಪರೀಕ್ಷೆ, ಸಹಪಾಠಿಯ ಮೇಲೆ ಕೂಡಿಸುವುದು, ಕಫ್, ಮಾತು. ಒಂದು ಗೊಂದಲ ಉಳಿದಿದೆ. ಕೊನೆಯ 30 ನಿಮಿಷದಲ್ಲಿ ಪರೀಕ್ಷೆ ಎದುರಿಸುವ ಗುಂಪಿಗೆ ತಪ್ಪು ತಿದ್ದಿ ಹೇಳಬೇಕೇ ಬೇಡವೇ?

ಎಂಇಯು_ಹಳಬ:
ತಿದ್ದದಿದ್ದರೆ ತಪ್ಪೇ ಗಟ್ಟಿಯಾಗುತ್ತದೆ, ಸಿಸ್ಟರ್ ಹೇಳಿದ ಹಾಗೆ. ಆರು ನಿಮಿಷದಲ್ಲಿ ನಾಲ್ಕು ಮಾಡಿ ತೋರಿಸಲು, ಎರಡು ತಿದ್ದಲು. ಅಭ್ಯಾಸದ ಗುಂಪಿನವರಿಗೂ ತಲಾ ಎರಡು ನಿಮಿಷ ತಿದ್ದಿ ಹೇಳುವವರು ಇರಬೇಕು, ಅವರೂ ಆ ಅರ್ಧ ಗಂಟೆಯಲ್ಲಿ ಒಂದೇ ಅಳತೆ ಮಾಡಬೇಕು.

ಅಂಕಿಅಂಶ:
ಇಲ್ಲಿ ನನಗೆ ಒಪ್ಪಿಗೆ ಇಲ್ಲ ಸರ್. ಅಭ್ಯಾಸದ ಗುಂಪಿಗೂ ಒಬ್ಬೊಬ್ಬರಿಗೆ ಎದುರು ನಿಂತು ಎರಡು ನಿಮಿಷ ತಿದ್ದಿದರೆ ಅದೂ ಪರೀಕ್ಷೆಯಂತೆಯೇ ಆಗುತ್ತದೆ. ಎರಡು ಗುಂಪಿನ ವ್ಯತ್ಯಾಸ ಕರಗಿಹೋಗುತ್ತದೆ, ಕೊನೆಗೆ "ಏನೂ ಸಿಗಲಿಲ್ಲ" ಅನ್ನುತ್ತೀರಿ. ತಿದ್ದುವುದನ್ನು ಎರಡೂ ಗುಂಪಿಗೆ ಒಟ್ಟಿಗೆ, ಕೊನೆಗೆ, ಬೋರ್ಡಿನ ಮೇಲೆ ಸಾಮಾನ್ಯ ತಪ್ಪುಗಳಾಗಿ ಹೇಳಿ.

ಎಂಇಯು_ಹಳಬ:
ಬೋರ್ಡಿನ ಮೇಲೆ ಹೇಳಿದ್ದು ಕೈಗೆ ಇಳಿಯುವುದಿಲ್ಲ. ಅಧ್ಯಯನಕ್ಕೆ ಚೊಕ್ಕವಾಗಲಿ ಎಂದು ಕಲಿಕೆ ಕೆಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೇಡಂ, ಮೊದಲ ಎರಡು ಬ್ಯಾಚಿನಲ್ಲಿ ಪೈಲಟ್ ಮಾಡಿ, ಎರಡೂ ರೀತಿ ಒಂದೊಂದು ಸಲ. ಅಲ್ಲಿ ನಿಂತು ನೋಡಿದರೆ ಯಾವುದು ನಡೆಯುತ್ತದೆ ಎಂದು ನಿಮಗೇ ತಿಳಿಯುತ್ತದೆ.

ವಾರ್ಡ್_ರೌಂಡ್:
ವ್ಯತ್ಯಾಸ ಸಿಗದಿದ್ದರೂ ಪ್ರಕಟಿಸಿ. ಅರ್ಧ ಗಂಟೆ ಪರೀಕ್ಷೆಗೆ ನಾಲ್ಕು ಶಿಕ್ಷಕರು ಬೇಕು, ಅಭ್ಯಾಸಕ್ಕೆ ಒಬ್ಬರು ಸಾಕು ಎಂದಾದರೆ, ಎರಡರ ಫಲವೂ ಒಂದೇ ಎಂಬುದು ಸಿಬ್ಬಂದಿ ಕಡಿಮೆ ಇರುವ ಕಾಲೇಜಿಗೆ ದೊಡ್ಡ ಸುದ್ದಿ. ನಾನು ಮೊದಲು "ಸಂಶೋಧನೆ ಬೇಡ" ಅಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ, ಆದರೆ ಯಂತ್ರದ ಮಾತು ಹಾಗೇ ಉಳಿಯಲಿ. ಅನೆರಾಯ್ಡ್ (ಪಾದರಸವಿಲ್ಲದ, ಮುಳ್ಳಿನ) ಡಯಲ್‌ಗಳನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದೀರಿ?

ಫಿಸಿಯಾಲಜಿ_ಲ್ಯಾಬ್:
ಸರ್, ಅದನ್ನು ವಿನ್ಯಾಸದಲ್ಲಿ ಬರೆದೇ ಇರಲಿಲ್ಲ. ಹೇಗೆ ಮಾಡುವುದು ಅಂತ ಯಾರಾದರೂ ಹೇಳಿದರೆ ಸೇರಿಸುತ್ತೇನೆ.

ನರ್ಸಿಂಗ್_ಟ್ಯೂಟರ್:
ಹೇಳ್ತೀನ್ರಿ. ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆ ಗುರುತಿನ ಮ್ಯಾಲೇ ನಿಲ್ಲಬೇಕು. ನಿಲ್ಲದಿದ್ರ ಅದನ್ನ ಅವತ್ತೇ ಪಕ್ಕಕ್ಕ ಇಡ್ರಿ. ಆದ್ರ ಸೊನ್ನೆ ಸರಿ ಇದ್ರ ಮ್ಯಾಲೂ ಸರಿ ಅಂತ ತಿಳಕೋಬ್ಯಾಡ್ರಿ. ಸರಿ ಇದೆ ಅಂತ ಗೊತ್ತಿರೋ ಒಂದು ಯಂತ್ರ ತೊಗೊಂಡು, ವೈ ಆಕಾರದ ಕನೆಕ್ಟರ್ ಹಾಕಿ, ಒಂದೇ ಕಫ್, ಒಂದೇ ಬಲ್ಬ್‌ನಿಂದ ಎರಡೂ ಡಯಲ್‌ಗೆ ಗಾಳಿ ಹೋಗೋ ಹಂಗ ಜೋಡಸ್ರಿ. ಕಫ್‌ನ್ನ ಬಾಟಲಿಗೆ ಸುತ್ತಿ 200ಕ್ಕ ಏರಿಸಿ, 180, 150, 120, 90, 60 ಹಿಂಗ ನಿಲ್ಲಿಸ್ತಾ ಎರಡೂ ಓದಿ ಬರೀರಿ. ಯಾವ ಮಟ್ಟದಾಗಾದ್ರೂ 3ಕ್ಕಿಂತ ಹೆಚ್ಚು ಫರಕ್ ಬಂದ್ರ ರಿಪೇರಿಗೆ ಕಳಸ್ರಿ. 200ಕ್ಕ ಏರಿಸಿ ವಾಲ್ವ್ ಮುಚ್ಚಿ ಒಂದು ನಿಮಿಷ ಬಿಡ್ರಿ, ಮುಳ್ಳು ತಾನಾಗೇ ಇಳೀತಾ ಹೋದ್ರ ಟ್ಯೂಬ್ ಇಲ್ಲಾ ವಾಲ್ವ್ ಸೋರಕತ್ತದ ಅಂತ ಅರ್ಥ. ಅಂಥ ಯಂತ್ರ ಕೊಟ್ರ ಸೆಕೆಂಡಿಗೆ ಎರಡು ಇಳಿಸು ಅಂತ ಮಕ್ಕಳಿಗೆ ಎಷ್ಟು ಹೇಳಿದ್ರೂ ಅವರ ಕೈಯಾಗ ಇರಂಗಿಲ್ಲ. ಅಧ್ಯಯನದ ಹಿಂದಿನ ವಾರ ಒಂದು ಸಲ, ಎಂಟು ವಾರದ ಪರೀಕ್ಷೆಯ ಹಿಂದಿನ ದಿನ ಇನ್ನೊಂದು ಸಲ ಮಾಡಿ, ಪ್ರತಿ ಯಂತ್ರಕ್ಕ ನಂಬರ್ ಹಚ್ಚಿ, ಯಾವ ಹುಡುಗ ಯಾವ ನಂಬರಿನ ಯಂತ್ರ ಬಳಸಿದ ಅನ್ನೋದನ್ನೂ ಹಾಳಿ ಮ್ಯಾಲ ಬರೆಸ್ರಿ.